"ನೋವೇ ಇಲ್ವಲ್ಲ" ಅಂತಿದ್ದ ಅಮ್ಮನ ಹೃದಯ: ಒಂದು ಪ್ರಕರಣ

ಅಮ್ಮನ ಫೈಲು ಈಗ ಎರಡು ಇಂಚು ದಪ್ಪ ಇದೆ. ಮೊದಲ ಹಾಳೆ 2025ರ ಜುಲೈನದ್ದು, ಒಂದು ಇಸಿಜಿ. ಮೇಲ್ಗಡೆ ಮಿಷಿನ್ನೇ ಒಂದು ಸಾಲು ಪ್ರಿಂಟ್ ಮಾಡಿತ್ತು: 'ಆಂಟಿರೋಸೆಪ್ಟಲ್ ಇನ್‌ಫಾರ್ಕ್ಟ್, ಏಜ್ ಅನ್‌ಡಿಟರ್ಮಿನ್ಡ್'. ತಮ್ಮ ಅದರ ಫೋಟೋ ವಾಟ್ಸಾಪಿನಲ್ಲಿ ಕಳಿಸಿ, "ಅಕ್ಕಾ, ಇವ್ರು ಅಮ್ಮನ ವಯಸ್ಸು ಹಾಕೋದು ಮರ್ತಿದಾರೆ, ವಾಪಸ್ ಹೋಗಿ ಹಾಕಿಸ್ಕೊಂಡು ಬರ್ಲಾ?" ಅಂತ ಕೇಳಿದ. ನಾನೂ ಹಾಗೇ ಅಂದುಕೊಂಡೆ. ಆದರೆ ಅಲ್ಲಿ ಹೇಳಿದ್ದ ವಯಸ್ಸು ಅಮ್ಮನದಲ್ಲ, ಹೃದಯಾಘಾತದ್ದು. ಹೃದಯಾಘಾತ ಆಗಿಹೋಗಿದೆ, ಯಾವಾಗ ಅಂತ ಹೇಳೋಕೆ ಬರಲ್ಲ ಅನ್ನೋದು ಆ ಸಾಲಿನ ಅರ್ಥ.

ಅಮ್ಮನಿಗೆ ಆಗ 63. ಸಕ್ಕರೆ ಕಾಯಿಲೆ 18 ವರ್ಷದಿಂದ, ಬಿಪಿ ಹತ್ತು ವರ್ಷದಿಂದ. ಅರಸೀಕೆರೆ ಕಡೆಯ ಊರು ನಮ್ಮದು, ತೆಂಗಿನ ತೋಟದ ಮನೆ. ನಾನು ಬೆಂಗಳೂರಿನಲ್ಲಿ ಕಾಲೇಜಿನಲ್ಲಿ ಅಕೌಂಟ್ಸ್ ಪಾಠ ಮಾಡ್ತೀನಿ, ಡಾಕ್ಟರ್ ಅಲ್ಲ. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಾಳಿ ಮಾತ್ರ ಇದೆ. ಆ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆ ಪತ್ತೆ ಹಚ್ಚೋದು ಕಷ್ಟ ಆಯ್ತು, ನಿಜ. ಆದರೆ ನೋವೇ ಇಲ್ಲದ ಕಾಯಿಲೆಗೆ ಚಿಕಿತ್ಸೆ ಕೊಡಿಸೋದು ಅದಕ್ಕಿಂತ ಕಷ್ಟ ಆಯ್ತು. ನೋವಿದ್ದರೆ, ಮಾತ್ರೆ ನುಂಗಿದ ಮೇಲೆ ಕಮ್ಮಿ ಆಯ್ತಾ ಇಲ್ವಾ ಅಂತ ರೋಗಿಗೇ ಗೊತ್ತಾಗುತ್ತೆ. ಇಲ್ಲಿ ಯಾವುದರಿಂದ ಅಳೆಯೋದು?

ಮೊದಲು ನಾವು ಏನೇನು ಕಂಡೂ ಕಾಣದ ಹಾಗೆ ಇದ್ದೆವು ಅನ್ನೋದನ್ನ ಹೇಳಿಬಿಡ್ತೀನಿ.

ಆ ವರ್ಷದ ಯುಗಾದಿ ಮಾರ್ಚ್ 30ಕ್ಕೆ. ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಮೈಯೆಲ್ಲ ತಣ್ಣನೆ ಬೆವರು, ಎರಡು ಸಲ ವಾಂತಿ. ರವಿಕೆ ಹಿಂಡುವಷ್ಟು ಒದ್ದೆಯಾಗಿತ್ತು. ಸಕ್ಕರೆ ಇಳಿದಿರಬೇಕು ಅಂತ ಅಪ್ಪ ಗ್ಲುಕೋಮೀಟರಿನಲ್ಲಿ ನೋಡಿದರೆ 312. ಸಕ್ಕರೆ ಇಳಿದರೆ ಬೆವರು ಬರುತ್ತೆ, ಸರಿ. 312 ಇದ್ದಾಗ ಯಾಕೆ ಬರಬೇಕು? ಆ ಪ್ರಶ್ನೆ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಹೋಳಿಗೆ ಜಾಸ್ತಿ ಆಯ್ತು, ಪಿತ್ತ ಅಂದುಕೊಂಡು ಶುಂಠಿ ರಸ ಕುಡಿಸಿ ಮಲಗಿಸಿದರು. ಮಾರನೇ ದಿನ ಅಮ್ಮ ಎದ್ದು ಹೊಸತೊಡಕಿನ ಅಡಿಗೆಗೆ ನಿಂತಳು, ಅರ್ಧಕ್ಕೇ ಬಿಟ್ಟು ಹೋಗಿ ಮಲಗಿದಳು. ನನಗೆ ತಿಳಿದ ಹಾಗೆ ಅಮ್ಮ ಒಲೆ ಮೇಲಿಟ್ಟಿದ್ದನ್ನು ಅರ್ಧಕ್ಕೆ ಬಿಟ್ಟಿದ್ದು ಅದೇ ಮೊದಲು.

ಆಮೇಲೆ ಒಂದೊಂದಾಗಿ ಶುರುವಾಯ್ತು. ಮಹಡಿ ಮೆಟ್ಟಿಲು ಹತ್ತುವಾಗ ಅಮ್ಮ ಮಾತು ನಿಲ್ಲಿಸುತ್ತಿದ್ದಳು. ಇದನ್ನು ಗಮನಿಸಿದ್ದು ಅಪ್ಪ. ನಮ್ಮಮ್ಮ ಕೆಳಗಿನ ಮೆಟ್ಟಿಲಲ್ಲಿ ಶುರು ಮಾಡಿದ ಮಾತನ್ನು ಮಹಡಿ ತಲುಪಿದರೂ ಮುಗಿಸುವವಳಲ್ಲ. ಅಂಥವಳು ಈಗ ಏಳನೇ ಮೆಟ್ಟಿಲಿಗೆ ಕಂಬಿ ಹಿಡಿದು ಸುಮ್ನೆ ನಿಂತು, ಉಸಿರು ಬಂದ ಮೇಲೆ ಮಾತು ಮುಂದುವರಿಸುತ್ತಿದ್ದಳು. ರಾತ್ರಿ ಎರಡು ದಿಂಬು ಬೇಕಾಯ್ತು, ಆಮೇಲೆ ಮೂರು. ಮಲಗಿದರೆ ಕೆಮ್ಮು. ಸಂಜೆ ಹೊತ್ತಿಗೆ ಕಾಲುಂಗುರ ಬಿಗಿ. ಆಷಾಢದಲ್ಲಿ ಮಾಲೇಕಲ್ ತಿರುಪತಿ ಬೆಟ್ಟ ಹತ್ತದೆ, "ಈ ಸಲ ಕೆಳಗೇ ಕೈಮುಗೀತೀನಿ" ಅಂದಾಗಲಾದರೂ ನಮಗೆ ಎಚ್ಚರ ಆಗಬೇಕಿತ್ತು.

ಕ್ಲಿನಿಕ್ಕಿಗೆ ಹೋಗಿರಲಿಲ್ಲ ಅಂತಲ್ಲ. ಮೂರು ಸಲ ಹೋಗಿದ್ದರು. ಹಿಮೋಗ್ಲೋಬಿನ್ 10.4 ಇತ್ತು, ಕಬ್ಬಿಣದ ಮಾತ್ರೆ ಕೊಟ್ಟರು. ಕೆಮ್ಮಿಗೆ ಸಿರಪ್ಪು, ಹೊಟ್ಟೆಗೆ ಗ್ಯಾಸಿನ ಮಾತ್ರೆ. "ಎದೆನೋವು ಇದೆಯಾ?" ಅಂತ ಪ್ರತಿ ಸಲ ಕೇಳಿದರು, ಅಮ್ಮ ಪ್ರತಿ ಸಲ "ಇಲ್ಲ" ಅಂದಳು. ಅಲ್ಲಿಗೆ ಮುಗೀತು. ಕೋಪ ಇಲ್ಲ ಅಂತ ಹೇಳಲಾರೆ. 18 ವರ್ಷ ಸಕ್ಕರೆ ಕಾಯಿಲೆ ಇರುವ ಹೆಂಗಸು ಹೊಸದಾಗಿ ಏದುಸಿರು ಅಂತ ಬಂದರೆ ಒಂದು ಇಸಿಜಿ ತೆಗೆಸಬೇಕಿತ್ತು, ಹತ್ತು ನಿಮಿಷದ ಕೆಲಸ. ಆದರೆ ಮನೆಯಲ್ಲೇ ಇದ್ದ ನಾವು ವಯಸ್ಸಾಯ್ತು ಅಂತ ಬಿಟ್ಟಿರಲಿಲ್ವಾ?

ಕೊನೆಗೆ ಇಸಿಜಿ ಆಗಿದ್ದೂ ಟಿವಿಯ ದೆಸೆಯಿಂದ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳದ್ದೇ ಸುದ್ದಿ. ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ತಪಾಸಣೆಗೆ ಬಂದವರ ಕ್ಯೂ. ತಮ್ಮನಿಗೆ 34, ಹೆದರಿಕೊಂಡು ತಾನು ಇಸಿಜಿ ಮಾಡಿಸಲು ಹೊರಟವನು ಅಮ್ಮನನ್ನೂ ಬಲವಂತವಾಗಿ ಕರೆದುಕೊಂಡು ಹೋದ. ಅವನದ್ದು ನಾರ್ಮಲ್. ಅಮ್ಮನದ್ದು ಈ ಫೈಲಿನ ಮೊದಲ ಹಾಳೆ.

ಬೆಂಗಳೂರಿಗೆ ಕರೆಸಿಕೊಂಡೆ. ಹೃದಯದ ಮಾಂಸಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ನಾರ್ಮಲ್, ಅಂದರೆ ಇದು ನಿನ್ನೆ ಮೊನ್ನೆಯದಲ್ಲ. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡಿನಲ್ಲಿ, ಹೃದಯದ ಮುಂಭಾಗದ ಗೋಡೆ ಸರಿಯಾಗಿ ಕುಗ್ಗುತ್ತಿರಲಿಲ್ಲ, ತುದಿಯಂತೂ ಅಲ್ಲಾಡುತ್ತಲೇ ಇರಲಿಲ್ಲ. ಇಎಫ್ ಶೇಕಡಾ 35. ಹೃದಯದ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತೆ ಅನ್ನೋ ಲೆಕ್ಕ ಅದು. ಸಾಮಾನ್ಯವಾಗಿ 55ಕ್ಕಿಂತ ಮೇಲಿರಬೇಕು.

ಕಾರ್ಡಿಯಾಲಜಿಸ್ಟ್ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಅಮ್ಮನ ಕಾಲು ನೋಡಿದರು. ಬಡಿದರೆ ಕಂಪಿಸುವ ಟ್ಯೂನಿಂಗ್ ಫೋರ್ಕ್ ಅನ್ನೋ ಲೋಹದ ಕವೆಯನ್ನು ಬಡಿದು ಹೆಬ್ಬೆರಳ ಮೇಲಿಟ್ಟು "ಗುಂಯ್ ಅಂತಿದೆಯಾ ಅಮ್ಮಾ?" ಅಂತ ಕೇಳಿದರು. ಅಮ್ಮ ಇಲ್ಲ ಅಂದಳು. "ನಡೀವಾಗ ಚಪ್ಪಲಿ ಕಾಲಿಂದ ಜಾರಿದ್ರೂ ಗೊತ್ತಾಗದೇ ಹೋಗಿದ್ದು ಉಂಟಾ?" ಅಮ್ಮ ನನ್ನ ಮುಖ ನೋಡಿದಳು. ಎರಡು ವರ್ಷದಿಂದ ಅದು ಮನೆಯಲ್ಲಿ ತಮಾಷೆಯ ವಿಷಯ. ಸಂತೆಗೆ ಹೋದರೆ ಒಂದು ಚಪ್ಪಲಿ ಹಿಂದೆ ಬಿಟ್ಟು ಬರಿಗಾಲಲ್ಲಿ ಹತ್ತು ಹೆಜ್ಜೆ ಹೋಗಿರುತ್ತಾಳೆ ಅಂತ ನಗುತ್ತಿದ್ದೆವು. ಡಾಕ್ಟರು ನಗಲಿಲ್ಲ. ಸಕ್ಕರೆಯಿಂದ ಕಾಲಿನ ನರ ಸತ್ತಂತೆ ಹೃದಯದ ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳೂ ಮಂಕಾಗಬಹುದು ಅಂದರು. ಕೂತಿದ್ದಾಗಲೂ ನಾಡಿ 104. ಮಲಗಿದ್ದಾಗ 142 ಇದ್ದ ಬಿಪಿ ಎದ್ದು ನಿಂತಾಗ 114. ಇದೂ ಅದೇ ನರಗಳ ಕಥೆ. ಯುಗಾದಿಯ ರಾತ್ರಿ ನಡೆದದ್ದನ್ನು ಹೇಳಿದಾಗ, ಖಚಿತವಾಗಿ ಹೇಳೋಕಾಗಲ್ಲ, ಆದರೆ ಹೃದಯಾಘಾತ ಆಗಿದ್ದು ಬಹುಶಃ ಆವತ್ತೇ ಅಂದರು.

ಅಮ್ಮ ಅಪರೂಪದ ಕೇಸೇನಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಜನರ ಹೃದಯವನ್ನು ಗಮನಿಸುತ್ತಾ ಬಂದಿದ್ದಾರೆ. ಅಲ್ಲಿನ 1984ರ ವರದಿ ಪ್ರಕಾರ ಗಂಡಸರ ಹೃದಯಾಘಾತಗಳಲ್ಲಿ ನೂರಕ್ಕೆ 28, ಹೆಂಗಸರದ್ದರಲ್ಲಿ 35 ಆ ಹೊತ್ತಿಗೆ ಗೊತ್ತೇ ಆಗಿರಲಿಲ್ಲ, ಮಾಮೂಲಿ ತಪಾಸಣೆಯ ಇಸಿಜಿಯಲ್ಲಿ ಸಿಕ್ಕಿದ್ದವು. ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಮಾತ್ರ ನಿಜವಾಗಿ ಏನೂ ಅನಿಸಿರಲಿಲ್ಲ. ಉಳಿದವರಿಗೆ ಏನೋ ಆಗಿತ್ತು, ಅದು ಹೃದಯದ್ದು ಅಂತ ಹೊಳೆದಿರಲಿಲ್ಲ, ನಮ್ಮ ಮನೆಯ ಹಾಗೇ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸೋ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡ್ತಾರೆ. ಒಳ್ಳೇದೇ. ಆದರೆ ಅದಕ್ಕೆ ಮೊದಲು ಆಸ್ಪತ್ರೆಗೆ ಹೋಗಬೇಕಲ್ಲ, ಪಿತ್ತಕ್ಕೆ ಯಾರು ಹೋಗ್ತಾರೆ?

ಚಿಕಿತ್ಸೆಯ ಮೊದಲ ಕೆಲಸ, ಇದ್ದ ಮಾತ್ರೆ ನಿಲ್ಲಿಸಿದ್ದು. ಅಮ್ಮನ ಸಕ್ಕರೆ ಮಾತ್ರೆ ಮೂರು ಔಷಧಿ ಸೇರಿಸಿ ಮಾಡಿದ್ದು, ಅದರಲ್ಲೊಂದು ಪಯೋಗ್ಲಿಟಾಜೋನ್. ಅದು ಮೈಯಲ್ಲಿ ನೀರು ನಿಲ್ಲಿಸುತ್ತೆ, ಹೃದಯ ಸೋತಿರುವವರಿಗೆ, ಅಂದರೆ ಅಮ್ಮನ ಹಾಗೆ ಹೃದಯಕ್ಕೆ ರಕ್ತವನ್ನು ಸರಿಯಾಗಿ ಪಂಪ್ ಮಾಡಲಾಗದವರಿಗೆ, ಕೊಡಲೇಬಾರದು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆಯೂ ಬಂದ್, ಅದೂ ನೀರು ನಿಲ್ಲಿಸುವಂಥದ್ದೇ. ಆಮೇಲೆ ಹೊಸದು ಬಂದವು. ನೀರು ಇಳಿಸಲು ಫ್ಯುರೋಸೆಮೈಡ್. ಹೃದಯ ಸೋತವರಿಗೆ ಕೊಡುವ ನಾಲ್ಕು ಬಗೆ: ಸಕ್ಯುಬಿಟ್ರಿಲ್-ವಾಲ್ಸಾರ್ಟಾನ್, ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್. ಜೊತೆಗೆ ಆಸ್ಪಿರಿನ್, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್. ನಿಂತಾಗ ಬಿಪಿ ಬೀಳುತ್ತಿದ್ದುದರಿಂದ ಎಲ್ಲವನ್ನೂ ಕಾಲು ಮಾತ್ರೆ, ಅರ್ಧ ಮಾತ್ರೆಯಿಂದ ಶುರು ಮಾಡಿ ಎರಡೆರಡು ವಾರಕ್ಕೆ ಏರಿಸಿದರು.

ಹತ್ತೇ ದಿನದಲ್ಲಿ ನಾಲ್ಕೂವರೆ ಕಿಲೋ ತೂಕ ಇಳೀತು, ಅಷ್ಟೂ ನೀರೇ. ದಿಂಬು ಮೂರರಿಂದ ಒಂದಕ್ಕೆ ಬಂತು. ಇನ್ನೇನು ಸರಿಹೋಯ್ತು ಅಂದುಕೊಂಡೆವು.

ಗೌರಿ ಹಬ್ಬಕ್ಕೆ ಅಂತ ಎರಡು ವಾರ ಮೊದಲೇ ಊರಿಗೆ ಹೋದಳು. ಆ ಎರಡು ವಾರದಲ್ಲಿ ಎರಡು ಎಡವಟ್ಟು ಆಯ್ತು, ಎರಡನ್ನೂ ಬಿಡಿಸಿ ಹೇಳಬೇಕು.

ಒಂದು ಎಳನೀರಿನದು. ಅಮ್ಮ ಸುಸ್ತಾಗಿದ್ದಾಳೆ ಅಂತ ಅಪ್ಪ ದಿನಾ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಳನೀರು ಕೆತ್ತಿ ಕೊಟ್ಟಿದ್ದಾರೆ. ತೋಟದ ಎಳನೀರು, ಇದಕ್ಕಿಂತ ಒಳ್ಳೇದು ಏನಿದೆ ಅಲ್ವಾ? ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.8 ಬಂತು. 5ರ ಒಳಗಿದ್ದರೆ ನಿಶ್ಚಿಂತೆ. ತೀರಾ ಮೇಲೆ ಹೋದರೆ ಹೃದಯದ ಬಡಿತವೇ ದಾರಿ ತಪ್ಪುತ್ತೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಅಮ್ಮ ತಗೊಳ್ಳುವ ಮಾತ್ರೆಗಳಲ್ಲಿ ಎರಡು ಆ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಹಿಡಿದಿಡುತ್ತವೆ. ಎರಡೂ ಒಳ್ಳೆಯವೇ, ಕೂಡಬಾರದಷ್ಟೇ. ಸ್ಪೈರೊನೊಲ್ಯಾಕ್ಟೋನ್ ಒಂದು ವಾರ ನಿಲ್ಲಿಸಿ, ಎಳನೀರು ಪೂರ್ತಿ ಬಿಡಿಸಿ, ಮತ್ತೆ ಅರ್ಧ ಮಾತ್ರೆಯಿಂದ ಶುರು. ಅಪ್ಪ ಎರಡು ದಿನ ಯಾರ ಹತ್ತಿರಾನೂ ಸರಿಯಾಗಿ ಮಾತಾಡಲಿಲ್ಲ.

ಇನ್ನೊಂದು, ಅಮ್ಮ ಡಾಪಾಗ್ಲಿಫ್ಲೋಜಿನ್ ನಿಲ್ಲಿಸಿದ್ದು. ಯಾರಿಗೂ ಹೇಳದೆ. ಪೆಟ್ಟಿಗೆಯಲ್ಲಿ ಮಾತ್ರೆ ಲೆಕ್ಕ ಮಾಡಿದಾಗ ಹನ್ನೊಂದು ಜಾಸ್ತಿ ಉಳಿದಿದ್ದವು. ಕೇಳಿದರೆ ಮೊದಲು ಮರೆತೆ ಅಂದಳು. ಅಪ್ಪ ತೋಟಕ್ಕೆ ಹೋದ ಮೇಲೆ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ಅಲ್ಲೆಲ್ಲ ಒಂದೇ ಸಮ ಕಡಿತ, ಉರಿ ಕಣೇ. ಆ ಡಾಕ್ಟರ ಹತ್ರ ಹೆಂಗೆ ಹೇಳ್ಲಿ? ಹೃದಯ ನಂಗೆ ಒಂದು ದಿನಾನೂ ನೋಯ್ಲಿಲ್ಲ. ಈ ಮಾತ್ರೆ ನೋಯಿಸ್ತಿದೆ." ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತೆ, ಹಾಗಾಗಿ ಆ ಜಾಗದಲ್ಲಿ ಫಂಗಸ್ ಬರೋದು ಮಾಮೂಲು. ಐದು ದಿನದ ಚಿಕಿತ್ಸೆಗೆ ವಾಸಿಯಾಯ್ತು. ಆಮೇಲೆ ಪ್ರತಿ ಸಲ ನೀರು ಹಾಕಿ ತೊಳೆದು ಒರೆಸಿಕೊಳ್ಳಬೇಕು, ಅಷ್ಟೇ. ಮೊದಲೇ ಒಂದು ಮಾತು ಹೇಳಿದ್ದರೆ ಹನ್ನೊಂದು ದಿನ ತಪ್ಪುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲವನ್ನೂ ನನಗೂ ತಮ್ಮನಿಗೂ ಹೇಳಿದ್ದರು. ಮಾತ್ರೆ ನುಂಗೋಳ ಹತ್ತಿರ ಕೂತು ಹೇಳಿದವರು ಯಾರೂ ಇರಲಿಲ್ಲ. ನಾನೂ ಹೇಳಿರಲಿಲ್ಲ.

ಅಮ್ಮನ ಮಾತಿನಲ್ಲಿ ತಪ್ಪು ಹುಡುಕೋಕೆ ನನಗೆ ಆಗಲಿಲ್ಲ. ಅವಳ ಲೆಕ್ಕದಲ್ಲಿ ಕಾಯಿಲೆಯಿಂದ ನೋವು ಸೊನ್ನೆ, ಔಷಧಿಯಿಂದ ನೋವು ಇದೆ. ಯಾರಾದರೂ ಯಾಕೆ ನುಂಗ್ತಾರೆ? ಅವತ್ತೇ ನೋಟ್‌ಬುಕ್ಕಿನಲ್ಲಿ ಅಮ್ಮನಿಗೇ ಮೂರು ಕಲಂ ಹಾಕಿಕೊಟ್ಟೆ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದ ಮೇಲಿನ ತೂಕ, ರಾತ್ರಿಯ ದಿಂಬು, ಮಾತು ನಿಲ್ಲಿಸದೆ ಹತ್ತಿದ ಮೆಟ್ಟಿಲು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಬೇಕು ಅಂತ ಕೆಂಪು ಶಾಯಿಯಲ್ಲಿ ಬರೆದೆ. ಗಣೇಶನ ಹಬ್ಬದ ವಾರದ ಸಾಲಿನಲ್ಲಿ 61.2, 62.0, 63.4 ಅಂತಿದೆ. ಪಕ್ಕದಲ್ಲಿ ಅಮ್ಮನ ಅಕ್ಷರ: 'ಹಪ್ಪಳ, ಉಪ್ಪಿನಕಾಯಿ'. ತಪ್ಪೊಪ್ಪಿಗೆ ಪತ್ರದ ಹಾಗೆ. ಫ್ಯುರೋಸೆಮೈಡ್ ಮೂರು ದಿನ ಜಾಸ್ತಿ ಕೊಟ್ಟು ಇಳಿಸಿದರು.

ಇನ್ನು ದೊಡ್ಡ ಪ್ರಶ್ನೆ. ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದರು. ಹೃದಯದ ಮುಂಭಾಗಕ್ಕೆ ಹೋಗುವ ಎಲ್‌ಎಡಿ ರಕ್ತನಾಳ ಪೂರ್ತಿ ಬಂದ್. ಬಲಗಡೆಯದು ಶೇಕಡಾ 80, ಮೂರನೆಯದು 70. ತಮ್ಮ ಫೋನಿನಲ್ಲೇ, "ಸ್ಟೆಂಟ್ ಹಾಕಿಸಿ ಕಳ್ಸಿ ಅನ್ನಕ್ಕಾ" ಅಂದ. ಕಟ್ಟಿದ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ ಅದು. ಮಾವ ಒಬ್ಬರು, "ನೋವಿಲ್ದೇ ಇರೋವ್ಳ ಎದೆ ಯಾಕೆ ಸೀಳಿಸ್ತೀರಾ" ಅಂದರು. ಇಬ್ಬರ ಮಾತಿಗೂ ಹಿಂದೆ ಒಂದು ತರ್ಕ ಇದೆ, ತಳ್ಳಿಹಾಕುವ ಹಾಗಿಲ್ಲ.

ಡಾಕ್ಟರು ಅರ್ಧ ಗಂಟೆ ಕೂತು ಬಿಡಿಸಿ ಹೇಳಿದರು, ಆ ಅರ್ಧ ಗಂಟೆಗೆ ಇವತ್ತಿಗೂ ಋಣಿ. 2020ರಲ್ಲಿ ಬಂದ ಇಸ್ಕೀಮಿಯಾ ಅನ್ನೋ ಅಧ್ಯಯನದಲ್ಲಿ 5,179 ಜನ ಇದ್ದರು. ಸ್ಥಿರವಾಗಿರುವ ಹೃದ್ರೋಗಕ್ಕೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ (ಎದೆ ತೆರೆದು, ಕಟ್ಟಿದ ಜಾಗ ದಾಟುವಂತೆ ಬೇರೆ ನಾಳ ಜೋಡಿಸುವ ಆಪರೇಷನ್) ಮಾಡಿದರೂ, ಬರೀ ಔಷಧಿಯಲ್ಲಿ ಇಟ್ಟರೂ ಸಾವು, ಹೃದಯಾಘಾತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲಾಭ ಕಂಡಿದ್ದು ಮುಖ್ಯವಾಗಿ ಎದೆನೋವು ಕಮ್ಮಿಯಾಗೋದರಲ್ಲಿ. ನೋವೇ ಇಲ್ಲದವರಿಗೆ ಅದರಿಂದ ಏನು? ಹಾಗೆ ನೋಡಿದರೆ ಮಾವ ಹೇಳಿದ್ದು ಸರಿ. ಆದರೆ ಇಎಫ್ 35ಕ್ಕಿಂತ ಕೆಳಗಿದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ, ಅಮ್ಮ ಆ ಗೆರೆಯ ಮೇಲೇ ಇದ್ದಳು. ಸೋತ ಹೃದಯಕ್ಕೆ ಸ್ಟೆಂಟ್ ಹಾಕಿ ನೋಡಿದ ರಿವೈವ್ಡ್ ಅಧ್ಯಯನ 2022ರದ್ದು, 700 ಜನ. ಔಷಧಿಗಿಂತ ಜಾಸ್ತಿ ಉಪಯೋಗ ಆಗಲಿಲ್ಲ. ಅಲ್ಲಿಗೆ ತಮ್ಮನ ಮಾತೂ ಬಿತ್ತು. ಸೋತ ಹೃದಯಕ್ಕೆ ಬೈಪಾಸ್ ಮಾಡಿದ ಸ್ಟಿಚ್ ಅಧ್ಯಯನದಲ್ಲಿ 1,212 ಜನ. ಹತ್ತು ವರ್ಷದ ಹೊತ್ತಿಗೆ ಔಷಧಿಯಲ್ಲಿದ್ದವರಲ್ಲಿ ನೂರಕ್ಕೆ 66 ಜನ ತೀರಿಕೊಂಡಿದ್ದರು, ಬೈಪಾಸಿಗೆ ಅಂತ ಆರಿಸಿದವರಲ್ಲಿ 59. ಶುರುವಿನ ತಿಂಗಳಲ್ಲಿ ಮಾತ್ರ ಆಪರೇಷನ್ ಕಡೆಯೇ ಅಪಾಯ ಜಾಸ್ತಿ. ಇನ್ನು ಸಕ್ಕರೆ ಕಾಯಿಲೆ ಇದ್ದು ಒಂದಕ್ಕಿಂತ ಹೆಚ್ಚು ರಕ್ತನಾಳ ಕಟ್ಟಿದವರ ಮೇಲೆ ಮಾಡಿದ 2012ರ ಫ್ರೀಡಂ ಅಧ್ಯಯನ, 1,900 ಜನರದ್ದು. ಐದು ವರ್ಷದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಮೂರೂ ಸೇರಿ ಸ್ಟೆಂಟಿನವರಲ್ಲಿ ಶೇಕಡಾ 26.6, ಬೈಪಾಸಿನವರಲ್ಲಿ 18.7. ಪಾರ್ಶ್ವವಾಯು ಒಂದನ್ನೇ ತೆಗೆದುಕೊಂಡರೆ ಬೈಪಾಸಿನಲ್ಲೇ ಜಾಸ್ತಿ ಅನ್ನೋದನ್ನೂ ಅವರು ಮುಚ್ಚಿಡಲಿಲ್ಲ.

ಎಂಆರ್‌ಐ ಕೂಡ ಮಾಡಿಸಿದರು. ಹೃದಯದ ತುದಿಯ ಮಾಂಸ ಸತ್ತಿತ್ತು, ಮುಂಭಾಗದ ಗೋಡೆ ಬಹುಪಾಲು ಜೀವಂತ ಇತ್ತು. ಬೈಪಾಸ್ ಅಂತ ತೀರ್ಮಾನ ಆಯ್ತು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮಾಡಿಸ್ಕೊಂಡ್ರೆ ನಂಗೆ ಏನು ಗೊತ್ತಾಗುತ್ತೆ?" ಡಾಕ್ಟರು ಸುಳ್ಳು ಹೇಳಲಿಲ್ಲ. "ಮೆಟ್ಟಿಲು ಹತ್ತೋದು ಸುಲಭ ಆಗಬಹುದು. ಅದು ಬಿಟ್ರೆ, ಮುಂದೆ ಆಗಬೇಕಾಗಿದ್ದು ಆಗದೇ ಇರೋದೇ ಲಾಭ. ಅದು ಕಣ್ಣಿಗೆ ಕಾಣಲ್ಲಮ್ಮ."

ಜುಲೈನಲ್ಲಿ 9.1 ಇದ್ದ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, ಇನ್ಸುಲಿನ್ ಹಾಕಿ ಅಕ್ಟೋಬರ್ ಹೊತ್ತಿಗೆ 7.4ಕ್ಕೆ ಬಂತು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಎದೆಮೂಳೆಯ ಗಾಯ ಕೀವಾಗುವ ಭಯ. ಡಾಪಾಗ್ಲಿಫ್ಲೋಜಿನ್ ಅನ್ನು ಆಪರೇಷನ್‌ಗೆ ಮೂರು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಈ ಸಲ ನಿಲ್ಲಿಸೋಕೆ ಹೇಳಿದ್ದು ಅಮ್ಮನಿಗೇ, ಅಮ್ಮನಿಗೆ ಖುಷಿಯೋ ಖುಷಿ. ದಸರಾ ಮುಗಿದ ಮೇಲೆ ಆಪರೇಷನ್ ಆಯ್ತು. ಎದೆಯ ಒಳಗಿನ ರಕ್ತನಾಳ ಒಂದನ್ನು ಎಲ್‌ಎಡಿಗೆ ಜೋಡಿಸಿದರು, ಉಳಿದ ಎರಡಕ್ಕೆ ಕಾಲಿನಿಂದ ತೆಗೆದ ನಾಳ. ಒಂಬತ್ತು ದಿನ ಆಸ್ಪತ್ರೆ.

ಐಸಿಯುನಲ್ಲಿ ಎರಡನೇ ದಿನ ನನ್ನನ್ನು ಒಳಗೆ ಬಿಟ್ಟರು. ಅಮ್ಮ ದಿಂಬೊಂದನ್ನು ಎದೆಗೆ ಅವುಚಿಕೊಂಡು ಮೆಲ್ಲಗೆ ಕೆಮ್ಮುತ್ತಿದ್ದಳು, ಹಾಗೆ ಕೆಮ್ಮಬೇಕು ಅಂತ ಅಲ್ಲಿ ಹೇಳಿಕೊಡುತ್ತಾರೆ. ನನ್ನ ನೋಡಿ, "ಈಗ ಬಂತು ನೋಡೇ ಎದೆನೋವು" ಅಂದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಪಕ್ಕದ ಸಿಸ್ಟರ್ ನಕ್ಕರು.

ಎದೆಯ ಗಾಯ ಬೇಗ ಮಾಗಿತು. ಕಾಲಿನದು ಆರು ವಾರ ತಗೊಂಡಿತು, ಸಕ್ಕರೆ ಕಾಯಿಲೆಯವರಿಗೆ ಹೀಗಾಗೋದು ಉಂಟು. ಆ ಆರು ವಾರ ಅಪ್ಪ ದಿನಾ ಡ್ರೆಸ್ಸಿಂಗ್ ಮಾಡೋದು ಕಲಿತರು. ಎಳನೀರಿನ ಪ್ರಾಯಶ್ಚಿತ್ತ ಅಂತ ತಮ್ಮ ಛೇಡಿಸುತ್ತಿದ್ದ.

ಸಂಕ್ರಾಂತಿ ಮುಗಿದ ಮೇಲೆ ಎಕೋ ಮಾಡಿಸಿದೆವು. ಇಎಫ್ 42. ಮೂರು ತಿಂಗಳ ನಂತರವೂ 35ರಿಂದ ಮೇಲೆ ಬಂದಿರದಿದ್ದರೆ, ಬಡಿತ ದಾರಿ ತಪ್ಪಿದಾಗ ಶಾಕ್ ಕೊಡುವ ಐಸಿಡಿ ಅನ್ನೋ ಪೆಟ್ಟಿಗೆಯನ್ನು ಎದೆಯೊಳಗೆ ಕೂರಿಸುವ ಮಾತಿತ್ತು. ಅದು ತಪ್ಪಿತು. ನಾಡಿ 70, ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ 128ರಿಂದ 54. ಕಾಲಿನ ನರ ಮಾತ್ರ ಹಾಗೇ ಇದೆ. ಅದಕ್ಕೇ ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿದ್ದೇವೆ. ನಾಳೆ ಒಂದು ಗ್ರಾಫ್ಟ್, ಅಂದರೆ ಆಪರೇಷನ್‌ನಲ್ಲಿ ಜೋಡಿಸಿದ ನಾಳ, ಕಟ್ಟಿಕೊಂಡರೂ ಅಮ್ಮನಿಗೆ ನೋವು ಬರದೇ ಇರಬಹುದು, ಹಾಗಾಗಿ ಮೂರು ಕಲಮಿನ ನೋಟ್‌ಬುಕ್ ನಿಂತಿಲ್ಲ. ಸುಮ್ಸುಮ್ನೆ ಬೆವರು, ಕಾರಣವಿಲ್ಲದ ವಾಂತಿ, ಹೊಸ ಏದುಸಿರು, ಇವುಗಳಲ್ಲಿ ಯಾವುದು ಬಂದರೂ ನೇರ ಇಸಿಜಿಗೆ ಹೋಗಬೇಕು, ಶುಂಠಿ ರಸ ಆಮೇಲೆ.

ತಮ್ಮ ಈಗ ನೆಂಟರಿಷ್ಟರಿಗೆಲ್ಲ ಆಂಜಿಯೋಗ್ರಾಂ ಮಾಡಿಸಿ ಅಂತ ಹೇಳಿಕೊಂಡು ಓಡಾಡುತ್ತಿದ್ದಾನೆ. ಅದು ತಪ್ಪು ಅಂತ ಅವನಿಗೆ ಹೇಳಿ ಸಾಕಾಗಿದೆ. ಯಾವ ಲಕ್ಷಣವೂ ಇಲ್ಲದ 1,123 ಸಕ್ಕರೆ ಕಾಯಿಲೆಯವರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಹೃದಯದ ಸ್ಕ್ಯಾನ್ ಮಾಡಿ ನೋಡಿದ್ದಾರೆ, 2009ರ ಡಯಾಡ್ ಅಧ್ಯಯನ. ಸ್ಕ್ಯಾನ್ ಮಾಡಿಸಿಕೊಂಡವರಿಗೆ ಅದರಿಂದ ವಿಶೇಷ ಲಾಭ ಆಗಲಿಲ್ಲ. ಅಮ್ಮನ ವಿಷಯ ಬೇರೆ. ಅಮ್ಮನಿಗೆ ನೋವಿರಲಿಲ್ಲ, ಲಕ್ಷಣ ಇರಲಿಲ್ಲ ಅಂತಲ್ಲ. ಮೆಟ್ಟಿಲ ಮೇಲೆ ದಿನಾ ನಮ್ಮ ಕಣ್ಣೆದುರಿಗೇ ಇತ್ತು.

ಹೋದ ಸಲ ಚೆಕಪ್ಪಿನಲ್ಲಿ ಅಮ್ಮನೇ ಕೇಳಿದಳು, ಈ ಆಷಾಢಕ್ಕೆ ಮಾಲೇಕಲ್ ಬೆಟ್ಟ ಹತ್ತಬಹುದಾ ಅಂತ. ಡಾಕ್ಟರು, ಅಲ್ಲಿವರೆಗೂ ದಿನಾ ನಡೀರಿ, ಹತ್ತುವ ಮೊದಲು ಒಂದು ಸಲ ಬಂದು ತೋರಿಸಿ ಅಂದರು. "ಹತ್ತುವಾಗ ಮಾತಾಡ್ಕೊಂಡೇ ಹತ್ತಿ. ಮಾತು ಯಾವ ಮೆಟ್ಟಿಲಲ್ಲಿ ನಿಲ್ಲುತ್ತೋ ಅಲ್ಲಿ ನೀವೂ ಕೂತ್ಕೊಳ್ಳಿ." ಅಪ್ಪ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. "ಹಂಗಾದ್ರೆ ಜೊತೇಲಿ ನಾನೇ ಹತ್ಬೇಕು" ಅಂದರು, "ಕೇಳೋಕೆ ಒಬ್ರು ಬೇಕಲ್ಲ."